ಗೋಡೆಗೂ ಕಿವಿ, ಗಿಟಾರಿಗೂ ಗೂಡು

ಸಂಜೆ ಏಳೂವರೆ. ಅಡುಗೆಮನೆಯಲ್ಲಿ ಕುಕ್ಕರು ಎರಡನೆಯ ಸೀಟಿ ಹಾಕಿದೆ. ನಡುಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳು ಎರಡೂ ಕಿವಿಗೆ ಕೈ ಒತ್ತಿಕೊಂಡು ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಒಳಕೋಣೆಯಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದ ಮಗ ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ಒಂದೇ ತುಣುಕನ್ನು ಹದಿನೆಂಟನೆಯ ಸಲ ರೆಕಾರ್ಡ್ ಮಾಡುತ್ತಿದ್ದಾನೆ. ಹದಿನೇಳನೆಯದರಲ್ಲಿ ಕುಕ್ಕರಿನ ಮೊದಲನೆಯ ಸೀಟಿ ಸೇರಿಕೊಂಡಿತ್ತು. ಕಾಲೇಜು ಹಬ್ಬದ ಸ್ಪರ್ಧೆಗೆ ಧ್ವನಿಮುದ್ರಣ ಕಳಿಸಲು ಅವನಿಗೆ ಉಳಿದಿರುವುದು ಮೂರು ವಾರ. ತಂಗಿಯ ಪರೀಕ್ಷೆಗೂ ಮೂರೇ ವಾರ. ಅಷ್ಟರಲ್ಲಿ ಮೇಲಿನ ಮನೆಯವರು ನೆಲವನ್ನು ಗುದ್ದುತ್ತಾರೆ. ಅಪ್ಪ ಪೇಪರು ಮಡಿಸಿಟ್ಟು ಏಳುತ್ತಾರೆ.

"ಸಾಕು ಮಾಡೋ ಅದನ್ನ. ಒಂದೋ ಈ ಮನೇಲಿ ಅದಿರಬೇಕು, ಇಲ್ಲಾ ನಾವಿರಬೇಕು."

ಗಿಟಾರಿನ ಜಾಗದಲ್ಲಿ ಮೃದಂಗವನ್ನೋ ತಬಲಾವನ್ನೋ ಇಟ್ಟರೆ ಇಂಥ ಮನೆ ಯಾವ ಊರಿನಲ್ಲೂ ಸಿಗುತ್ತದೆ. ಆದರೆ ಎಲೆಕ್ಟ್ರಿಕ್ ಗಿಟಾರಿಗೆ ಒಂದು ಅನುಕೂಲವಿದೆ. ಅದರ ದನಿ ಹುಟ್ಟುವುದು ನುಡಿಸುವವನ ಕೈಯಲ್ಲಾದರೂ ಕೇಳುವುದು ತಂತಿಯ ಇನ್ನೊಂದು ತುದಿಯ ಸ್ಪೀಕರಿನಲ್ಲಿ. ಆ ಸ್ಪೀಕರನ್ನೂ ಅದರ ಮುಂದೊಂದು ಮೈಕನ್ನೂ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರೆ, ಹುಡುಗ ಹೊರಗೆ ಕುಳಿತು ನುಡಿಸಬಹುದು. ಪೆಟ್ಟಿಗೆಯೊಳಗೆ ಎಷ್ಟೇ ಅಬ್ಬರವಿದ್ದರೂ ಮೈಕು ಅದನ್ನು ಹಿಡಿದುಕೊಳ್ಳುತ್ತದೆ, ಮನೆಗೆ ಕೇಳುವುದಿಲ್ಲ. ಕುಕ್ಕರಿನ ಸೀಟಿಯೂ ಒಳಗೆ ಹೋಗುವುದಿಲ್ಲ. ಸ್ಟುಡಿಯೋಗಳಲ್ಲಿ ಈ ಉಪಾಯ ಬಹಳ ಹಳೆಯದು. ಮನೆಯಲ್ಲೇ ಮಾಡಿಕೊಳ್ಳುವ ಹುಡುಗರೂ ಇದ್ದಾರೆ.

ನಮ್ಮ ಹುಡುಗನೂ ಮಾಡಿದ. ಬಡಗಿಯಿಂದ ತೆಳು ಪ್ಲೈವುಡ್ಡಿನ ಪೆಟ್ಟಿಗೆ ಹೊಡೆಸಿ, ಒಳಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಮೇಲೆ ಹಳೆಯ ಕಂಬಳಿ ಹೊದಿಸಿದ. ಸ್ಪೀಕರು ಒಳಗಿಟ್ಟು ನುಡಿಸಿ, "ಅಮ್ಮಾ, ಈಗ ಕೇಳಿಸ್ತಾ?" ಎಂದ.

"ಕೇಳಿಸ್ದೇ ಏನು? ಮೊದಲು ಕೀರಲು ಇತ್ತು, ಈಗ ಗುಮ್ಮಿನ ಥರ ಇದೆ" ಎಂದರು ಅಮ್ಮ, ಅಡುಗೆಮನೆಯಿಂದಲೇ.

ಅಮ್ಮ ಹೇಳಿದ ಆ ಒಂದು ಮಾತಿನಲ್ಲಿ ಶಬ್ದಶಾಸ್ತ್ರದ ಅರ್ಧ ಪಾಠವಿದೆ. ಹುಡುಗ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ತಿಳಿದಿದ್ದ. ಶಬ್ದವನ್ನು ಹೀರುವುದು ಒಂದು ಕೆಲಸ. ಶಬ್ದವನ್ನು ತಡೆಯುವುದು ಇನ್ನೊಂದು. ಇವೆರಡನ್ನು ಬೆರೆಸಿ ಹಣ ಕಳೆದುಕೊಂಡವರು ಹುಡುಗರು ಮಾತ್ರವಲ್ಲ, ದೊಡ್ಡವರೂ ಇದ್ದಾರೆ.

ದಿಂಬು ಹೊತ್ತ ಪ್ರಾಧ್ಯಾಪಕ

ಹೀರುವ ಕೆಲಸದ ಲೆಕ್ಕವನ್ನು ಮೊದಲು ಹಾಕಿದವರು ವಾಲೆಸ್ ಸೇಬಿನ್. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಭೌತವಿಜ್ಞಾನದ ಕಿರಿಯ ಪ್ರಾಧ್ಯಾಪಕರು, ವಯಸ್ಸು 27. ಅಲ್ಲಿನ ಫಾಗ್ ಕಲಾಸಂಗ್ರಹಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಒಂದು ತೊಂದರೆ ಇತ್ತು. ಮೇಷ್ಟ್ರು ಒಂದು ಮಾತು ಆಡಿದರೆ ಅದರ ಗುಂಯ್‌ಗಾಟ ಐದೂವರೆ ಸೆಕೆಂಡು ಉಳಿಯುತ್ತಿತ್ತು. ಅಷ್ಟರಲ್ಲಿ ಅವರು ಇನ್ನೂ ಹತ್ತು ಹನ್ನೆರಡು ಪದ ಆಡಿರುತ್ತಿದ್ದರು. ಎಲ್ಲ ಕಲಸುಮೇಲೋಗರ. ಇದನ್ನು ಸರಿಪಡಿಸಿ ಎಂದು ವಿಶ್ವವಿದ್ಯಾಲಯ ಸೇಬಿನ್‌ಗೆ ಒಪ್ಪಿಸಿತು.

ಸೇಬಿನ್ ರಾತ್ರಿ ಊರು ಮಲಗಿದ ಮೇಲೆ ಕೆಲಸ ಶುರು ಮಾಡುತ್ತಿದ್ದರು. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತರುವುದು, ಇಷ್ಟಿಷ್ಟೇ ಮೆತ್ತೆ ಹರಡಿ ಆರ್ಗನ್ ಕೊಳವೆ ಊದುವುದು, ದನಿ ಕಿವಿಗೆ ಕೇಳದಂತಾಗಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ಅಳೆಯುವುದು, ಬೆಳಗಾಗುವುದರೊಳಗೆ ಮೆತ್ತೆಗಳನ್ನೆಲ್ಲ ವಾಪಸು ಇಡುವುದು. ಮೆತ್ತೆ ಹೆಚ್ಚಿದಷ್ಟೂ ಗುಂಯ್‌ಗಾಟ ಕಡಿಮೆಯಾಯಿತು. ಕೋಣೆಯ ಗಾತ್ರಕ್ಕೂ ಅದರೊಳಗಿನ ಮೆತ್ತನೆಯ ವಸ್ತುವಿಗೂ ಇರುವ ಸಂಬಂಧಕ್ಕೆ ಅವರು ಒಂದು ಸೂತ್ರವನ್ನೇ ಕಂಡುಹಿಡಿದರು. ಅದೇ ಲೆಕ್ಕದ ಮೇಲೆ ಕಟ್ಟಿದ ಬಾಸ್ಟನ್ನಿನ ಸಿಂಫನಿ ಹಾಲ್ 1900ರಲ್ಲಿ ಬಾಗಿಲು ತೆರೆಯಿತು.

ಆದರೆ ಇಲ್ಲಿ ಒಂದು ಅಂಶ ಗಮನಿಸಬೇಕು. ಮೆತ್ತೆಗಳು ಕೋಣೆಯೊಳಗಿನ ದನಿಯನ್ನು ಸುಧಾರಿಸಿದವು. ದನಿ ಕೋಣೆಯಿಂದ ಹೊರಗೆ ಹೋಗದಂತೆ ಕಾಯುವುದು ಅವುಗಳ ಕೆಲಸವಾಗಿರಲಿಲ್ಲ. ಮೆತ್ತೆ, ಕಂಬಳಿ, ಫೋಮ್ ಇವೆಲ್ಲ ಮೈತುಂಬ ರಂಧ್ರವಿರುವ ವಸ್ತುಗಳು. ಅವುಗಳ ಎಳೆಗಳ ನಡುವೆ ಗಾಳಿ ಅತ್ತಿತ್ತ ಉಜ್ಜಾಡಿ ದನಿಯ ಶಕ್ತಿ ಒಂದಿಷ್ಟು ಶಾಖವಾಗುತ್ತದೆ. ಮಿಕ್ಕಿದ್ದು ಆ ರಂಧ್ರಗಳ ಮೂಲಕವೇ ಆಚೆ ಹೋಗುತ್ತದೆ. ಮೊಟ್ಟೆಯ ಟ್ರೇಯಂತೂ ಬರೀ ಕಾಗದದ ರೊಟ್ಟು. ಕಿರುದನಿಯನ್ನು ತುಸು ಚದುರಿಸೀತು, ಅಷ್ಟೆ. ಹುಡುಗನ ಪೆಟ್ಟಿಗೆ ಕೀರಲನ್ನು ಕಳೆದು ಗುಮ್ಮನ್ನು ಬಿಟ್ಟದ್ದು ಈ ಕಾರಣಕ್ಕೆ.

ತೂಕವೇ ತಡೆ

ಹಾಗಾದರೆ ತಡೆಯುವುದು ಯಾವುದು? ಉತ್ತರ ತೀರ ಸಾದಾ: ತೂಕ.

ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಅದು ಪೆಟ್ಟಿಗೆಯ ಗೋಡೆಯನ್ನು ತಳ್ಳುತ್ತದೆ, ಎಳೆಯುತ್ತದೆ. ಗೋಡೆ ಅಲುಗಿದರೆ ಅದರ ಹೊರಮೈ ಆಚೆಯ ಗಾಳಿಯನ್ನು ಅಲುಗಿಸುತ್ತದೆ. ಹೊರಗೆ ಕೇಳುವುದು ಅದೇ. ಗೋಡೆ ಭಾರವಾದಷ್ಟೂ ಅಲುಗುವುದು ಕಡಿಮೆ. ಒಂದು ಚದರ ಮೀಟರ್ ಗೋಡೆಯ ತೂಕವನ್ನು ಇಮ್ಮಡಿ ಮಾಡಿದರೆ ಸುಮಾರು 6 ಡೆಸಿಬೆಲ್ ಹೆಚ್ಚು ತಡೆ ಸಿಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಹತ್ತು ಡೆಸಿಬೆಲ್ ಇಳಿದರೆ ದನಿಯ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. ಕಿವಿಗೆ ಮಾತ್ರ ಅರ್ಧಕ್ಕಿಳಿದಂತೆ ಕೇಳುತ್ತದೆ. ಅಂದರೆ 6 ಡೆಸಿಬೆಲ್ ಸಂಪಾದಿಸಲು ಎರಡರಷ್ಟು ಮರ ಹೊರಬೇಕು, ಲಾಭವೋ ಅರ್ಧಕ್ಕಿಂತ ಕಡಿಮೆ. ಶಬ್ದದ ವ್ಯಾಪಾರ ಇಷ್ಟು ದುಬಾರಿ.

ಇನ್ನೊಂದು ಸಂಗತಿಯೂ ಇದೆ. ಭಾರದ ಕಬ್ಬಿಣದ ಗೇಟನ್ನು ಬೆರಳಿನಿಂದ ಪಟಪಟನೆ ಬಡಿದರೆ ಅದು ಅಲುಗುವುದಿಲ್ಲ. ಅದೇ ಬೆರಳಿನಿಂದ ನಿಧಾನವಾಗಿ ತಳ್ಳಿದರೆ ಸರಿಯುತ್ತದೆ. ಗೋಡೆಯೂ ಹಾಗೆಯೇ. ಸೆಕೆಂಡಿಗೆ ಸಾವಿರಾರು ಸಲ ಬಡಿಯುವ ಕಿರುದನಿಗೆ ಜಗ್ಗದ ಹಲಗೆ, ನಿಧಾನವಾಗಿ ತಳ್ಳುವ ಮಂದ್ರಕ್ಕೆ ಮಣಿಯುತ್ತದೆ. ಆವೃತ್ತಿ ಅರ್ಧವಾದಾಗಲೆಲ್ಲ ತಡೆ 6 ಡೆಸಿಬೆಲ್ ಕುಸಿಯುತ್ತದೆ. ಗಿಟಾರಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅತ್ಯಂತ ತೆಳು ತಂತಿ 330 ಸಲ. ನಡುವೆ ಎರಡು ಸ್ಥಾಯಿಗಳ ಅಂತರ. ಆದ್ದರಿಂದ ಒಂದೇ ಪೆಟ್ಟಿಗೆಯಿಂದ ದಪ್ಪ ತಂತಿಯ ದನಿ ತೆಳು ತಂತಿಯದಕ್ಕಿಂತ 12 ಡೆಸಿಬೆಲ್ ಹೆಚ್ಚು ಸೋರುತ್ತದೆ.

ಮುಕ್ಕಾಲು ಇಂಚಿನ ಪ್ಲೈವುಡ್ ಚದರ ಮೀಟರಿಗೆ ಸುಮಾರು 12 ಕಿಲೋ ತೂಗುತ್ತದೆ. ಲೆಕ್ಕದ ಪ್ರಕಾರ ಅದು 500 ಹರ್ಟ್ಸ್‌ನ ದನಿಯನ್ನು 28 ಡೆಸಿಬೆಲ್‌ನಷ್ಟು ತಗ್ಗಿಸಬಲ್ಲದು. 82 ಹರ್ಟ್ಸ್‌ನದನ್ನು ಬರೀ 13. ಇನ್ನೊಂದು ಅಂಥದೇ ಹಲಗೆಯನ್ನು ಅದರ ಮೇಲೆ ಹೊದಿಸಿದರೆ 34 ಮತ್ತು 19. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 400 ಕಿಲೋ ದಾಟುತ್ತದೆ, ಹಾಗಾಗಿಯೇ ಅದು 50 ಡೆಸಿಬೆಲ್‌ನ ಆಸುಪಾಸು ತಡೆಯುತ್ತದೆ. ಅಜ್ಜನ ಕಾಲದ ದಪ್ಪ ಗೋಡೆಯ ಮನೆಗಳಲ್ಲಿ ಪಕ್ಕದ ಕೋಣೆಯ ಗೊರಕೆ ಕೇಳುತ್ತಿರಲಿಲ್ಲ ಎನ್ನುವುದು ಬರೀ ಹಳಹಳಿಕೆಯಲ್ಲ.

ಸಂದು, ಸಂಪರ್ಕ

ಭಾರದ ಪೆಟ್ಟಿಗೆ ಮಾಡಿಯೂ ಸೋಲುವವರಿದ್ದಾರೆ. ಅವರಿಗೆ ಮೋಸ ಮಾಡುವುದು ಮುಚ್ಚಳದ ಸಂದು. ಪೆಟ್ಟಿಗೆಯ ಒಟ್ಟು ಮೈಯಲ್ಲಿ ನೂರರಲ್ಲೊಂದು ಪಾಲು ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲನ್ನು ಸೀಸದಿಂದ ಮಾಡಿದರೂ 20 ಡೆಸಿಬೆಲ್‌ಗಿಂತ ಹೆಚ್ಚು ತಡೆ ಸಿಗದು. ಸಾವಿರದಲ್ಲೊಂದು ಪಾಲು ತೆರೆದಿದ್ದರೆ 30ಕ್ಕಿಂತ ಹೆಚ್ಚಿಲ್ಲ. ಎರಡಡಿ ಉದ್ದಗಲದ ಮುಚ್ಚಳದ ಸುತ್ತ ಒಂದೇ ಮಿಲಿಮೀಟರ್ ಸಂದು ಉಳಿದರೂ ಅದೆಲ್ಲ ಸೇರಿದರೆ ಐದು ಸೆಂಟಿಮೀಟರ್ ಉದ್ದಗಲದ ಕಿಂಡಿಗೆ ಸಮ. ತೂತು ಬಿದ್ದ ಬಿಂದಿಗೆಗೆ ನೀರು ತುಂಬಿದ ಹಾಗೆ.

ಆದ್ದರಿಂದ ಮುಚ್ಚಳದ ಅಂಚಿಗೆ ಮೆತ್ತನೆಯ ರಬ್ಬರ್ ಪಟ್ಟಿ ಕೂರಿಸಿ, ಚಿಲಕ ಬಿಗಿದಾಗ ಅದು ಅಮುಕುವಂತಿರಬೇಕು. ಹಲಗೆಗಳ ಕೂಡುಮೂಲೆಗೆ ಸಿಲಿಕೋನ್ ಹಚ್ಚಬೇಕು. ಸ್ಪೀಕರಿನ ತಂತಿ, ಮೈಕಿನ ತಂತಿ ಹೋಗುವ ತೂತನ್ನು ಪುಟ್ಟಿಯಿಂದ ಮೆತ್ತಬೇಕು. ಇದಿಷ್ಟಕ್ಕೆ ತಗಲುವ ಖರ್ಚು ಮರದ ಖರ್ಚಿನ ಮುಂದೆ ಏನೂ ಅಲ್ಲ. ಪ್ರಯೋಜನ ಮಾತ್ರ ದೊಡ್ಡದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅಲಾರಂ ಗಡಿಯಾರವನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು ಕೇಳಿ. ಮುಚ್ಚಳದಡಿ ಒಂದು ಪೆನ್ಸಿಲ್ ಸಿಕ್ಕಿಸಿ ಮತ್ತೆ ಕೇಳಿ. ಆಮೇಲೆ ಡಬ್ಬಿಯನ್ನು ಬಿಟ್ಟು ಗಡಿಯಾರಕ್ಕೆ ಬರೀ ಟವೆಲ್ ಸುತ್ತಿ ಕೇಳಿ. ಡಬ್ಬಿ, ಸಂದು, ಟವೆಲ್ಲು ಮೂರರ ವ್ಯತ್ಯಾಸ ಐದು ನಿಮಿಷದಲ್ಲಿ ತಿಳಿಯುತ್ತದೆ. ಕೊನೆಗೆ ಅದೇ ಮುಚ್ಚಿದ ಡಬ್ಬಿಯನ್ನು ಮೊದಲು ಮರದ ಮೇಜಿನ ಮೇಲೆ, ಆಮೇಲೆ ಮಡಿಸಿದ ಟವೆಲ್ಲಿನ ಮೇಲೆ ಇಟ್ಟು ನೋಡಿ. ಮೇಜಿನ ಮೇಲಿಟ್ಟಾಗ ಸದ್ದು ಜೋರು. ಮೇಜೂ ಜೊತೆಗೆ ಹಾಡುತ್ತದೆ.

ಇದು ಮೂರನೆಯ ಪಾಠ: ಸಂಪರ್ಕ ಕಡಿಯಬೇಕು. ಗಾಳಿ ತೆಗೆದ ಗಾಜಿನ ಜಾಡಿಯಲ್ಲಿ ಶಬ್ದ ಕೇಳದೆಂಬ ಪ್ರಯೋಗವನ್ನು ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಡಿಯಾರವನ್ನು ಜಾಡಿಯೊಳಗೆ ದಾರದಿಂದ ತೂಗುಹಾಕಿದ್ದರು. ದಾರವೇ ಏಕೆ? ಗಡಿಯಾರ ಜಾಡಿಯ ತಳಕ್ಕೆ ತಾಗಿದ್ದರೆ, ಗಾಳಿ ಇಲ್ಲದಿದ್ದರೂ ಟಿಕ್ ಟಿಕ್ ಗಾಜಿನ ಮೂಲಕವೇ ಹೊರಗೆ ಬರುತ್ತಿತ್ತು. ಗಿಟಾರಿನ ಪೆಟ್ಟಿಗೆಯೂ ನೆಲಕ್ಕೆ ತಾಗಿದ್ದರೆ ಮಂದ್ರದ ಗುಮ್ಮು ನೆಲಕ್ಕಿಳಿದು, ಗೋಡೆ ಹತ್ತಿ, ಮೇಲಿನ ಮನೆ ಸೇರುತ್ತದೆ. ಪೆಟ್ಟಿಗೆಯ ಅಡಿಗೆ ದಪ್ಪ ರಬ್ಬರು, ಪೆಟ್ಟಿಗೆಯೊಳಗೆ ಸ್ಪೀಕರಿನ ಅಡಿಗೂ ರಬ್ಬರು ಇಡುವುದು ಇದಕ್ಕೇ.

ಪೆಟ್ಟಿಗೆಯೊಳಗೆ ಪೆಟ್ಟಿಗೆ ಮಾಡಿದರೆ ಹೇಗೆ ಎಂದು ಚುರುಕು ಹುಡುಗರು ಕೇಳಿಯಾರು. ಒಳ್ಳೆಯ ಯೋಚನೆ, ಆದರೆ ಅದರಲ್ಲೊಂದು ಬಲೆ ಇದೆ. ಎರಡು ಹಲಗೆಗಳ ನಡುವೆ ಸಿಕ್ಕಿದ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಆ ಸ್ಪ್ರಿಂಗೂ ಹಲಗೆಗಳ ತೂಕವೂ ಸೇರಿ ತಮ್ಮದೇ ಒಂದು ಆವೃತ್ತಿಯಲ್ಲಿ ಸಲೀಸಾಗಿ ತೂಗಾಡುತ್ತವೆ. ಅದೇ ಅನುನಾದ. ಆ ಒಂದು ಸ್ವರಕ್ಕೆ ಜೋಡಿ ಗೋಡೆ ಒಂಟಿ ಗೋಡೆಗಿಂತಲೂ ದುರ್ಬಲ. ಮುಕ್ಕಾಲು ಇಂಚಿನ ಎರಡು ಹಲಗೆಗಳ ನಡುವೆ ಐದು ಸೆಂಟಿಮೀಟರ್ ಖಾಲಿ ಬಿಟ್ಟರೆ ಆ ಆವೃತ್ತಿ ಸರಿಸುಮಾರು 110 ಹರ್ಟ್ಸ್ ಆಗುತ್ತದೆ. ಗಿಟಾರಿನ ಐದನೆಯ ತಂತಿಯ ಆವೃತ್ತಿಯೂ ಅದೇ! ಅಂತರವನ್ನು 10 ಸೆಂಟಿಮೀಟರಿಗೆ ಏರಿಸಿ ಹಲಗೆಗಳನ್ನು ಇಮ್ಮಡಿ ದಪ್ಪ ಮಾಡಿದರೆ ಅದು 55 ಹರ್ಟ್ಸ್‌ಗೆ ಇಳಿದು ಗಿಟಾರಿನ ವ್ಯಾಪ್ತಿಯಿಂದ ಆಚೆ ಹೋಗುತ್ತದೆ. ಆಗ ಪೆಟ್ಟಿಗೆ ಗೋದ್ರೆಜ್ ಬೀರುವಿನಷ್ಟಾಗುತ್ತದೆ, ಎತ್ತಿಡಲು ನಾಲ್ಕು ಆಳು ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನೆಗೆ, ನಡುವೆ ಖಾಲಿ ಬಿಡದೆ ಎರಡು ಪದರ ಹಲಗೆ ಹೊದಿಸಿದ ಒಂದೇ ಪೆಟ್ಟಿಗೆ ಸಾಕು.

ಹಾಗಾದರೆ ಮೆತ್ತನೆಯ ವಸ್ತು ಬೇಡವೇ ಬೇಡವೇ? ಬೇಕು, ಸೇಬಿನ್ ಬಳಸಿದ ಕೆಲಸಕ್ಕೆ. ಬರಿ ಮರದ ಸಣ್ಣ ಪೆಟ್ಟಿಗೆಯೊಳಗೆ ದನಿ ಗೋಡೆಯಿಂದ ಗೋಡೆಗೆ ಬಡಿದು, ಎರಡಡಿ ಅಳತೆಗೆ ಸುಮಾರು 285 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತದೆ. ಮೈಕಿಗೆ ಅದು ಡಬ್ಬದೊಳಗಿನ ಮಾತಿನಂತೆ ಕೇಳುತ್ತದೆ. ಒಳಮೈಗೆ ನಾಲ್ಕಾರು ಇಂಚು ದಪ್ಪಕ್ಕೆ ರಾಕ್‌ವೂಲ್ ತುಂಬಿ, ಎಳೆ ಉದುರದಂತೆ ಬಟ್ಟೆ ಬಿಗಿದರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ತುಂಬುವಾಗ ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಇರಲಿ. ಅದರ ಎಳೆ ಚರ್ಮಕ್ಕೆ ತುರಿಕೆ ತರುತ್ತದೆ.

ಹೆತ್ತವರು ನೋಡಬೇಕಾದ್ದು

ಪೆಟ್ಟಿಗೆಯ ಒಳಗೆ ಏನಿಡಬಾರದು ಎಂಬುದನ್ನು ಹೆತ್ತವರು ಖುದ್ದು ನೋಡಬೇಕು. ಸ್ಪೀಕರಿಗೆ ಹೋಗುವ ವಿದ್ಯುತ್ತಿನಲ್ಲಿ ದನಿಯಾಗುವುದು ಕೆಲವೇ ಪಾಲು, ಮಿಕ್ಕದ್ದು ಶಾಖ. ಗಾಳಿಯಾಡದ ಪೆಟ್ಟಿಗೆಯಲ್ಲಿ ಆ ಶಾಖಕ್ಕೆ ಹೋಗಲು ದಾರಿಯಿಲ್ಲ. ಆದ್ದರಿಂದ ಆಂಪ್ಲಿಫೈಯರು ಯಾವಾಗಲೂ ಪೆಟ್ಟಿಗೆಯ ಹೊರಗಿರಬೇಕು. ಒಳಗಿರುವುದು ಸ್ಪೀಕರು ಮತ್ತು ಮೈಕು ಮಾತ್ರ. ಅರ್ಧ ಗಂಟೆಗೊಮ್ಮೆ ಮುಚ್ಚಳ ತೆರೆದು ಒಳಗೆ ಕೈಯಿಟ್ಟು ನೋಡಬೇಕು.

ಫೋಮಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಾಸಿಗೆ ಅಂಗಡಿಯ ಸಾಮಾನ್ಯ ಫೋಮಿಗೆ ಬೆಂಕಿ ತಗುಲಿದರೆ ಕ್ಷಣದಲ್ಲಿ ಹಬ್ಬುತ್ತದೆ. ಅದರ ದಟ್ಟ ಹೊಗೆ ವಿಷ. 2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಒಂದು ನೈಟ್ ಕ್ಲಬ್ಬಿನಲ್ಲಿ, ವೇದಿಕೆಯ ಸುತ್ತ ಸದ್ದಿಗೆಂದು ಹೊದಿಸಿದ್ದ ಫೋಮಿಗೆ ಬಾಣಬಿರುಸಿನ ಕಿಡಿ ತಾಗಿ 100 ಮಂದಿ ಸತ್ತರು. ಕಲ್ಲಿನ ಎಳೆಯಿಂದ ಮಾಡಿದ ರಾಕ್‌ವೂಲ್ ಹೀಗೆ ಉರಿಯುವುದಿಲ್ಲ. ಆಯ್ಕೆ ಮಾಡುವಾಗ ಬೆಲೆಗಿಂತ ಇದು ಮುಖ್ಯ.

ಹೆತ್ತವರು ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಹುಡುಗ ದನಿ ಏರಿಸುವುದು ಹಟಕ್ಕೇ ಇರಲಾರದು. ವಾಲ್ವ್ ಆಂಪ್ಲಿಫೈಯರು ತನ್ನ ಶಕ್ತಿಯ ಮೇರೆ ಮುಟ್ಟಿದಾಗ ಸ್ವರ ತುಸು ಹರಿದು, ಒರಟಾಗಿ, ತುಂಬಿ ಬರುತ್ತದೆ. ರಾಕ್ ಸಂಗೀತದವರಿಗೆ ಬೇಕಾದ ನಾದ ಅದೇ. ಮೆಲ್ಲಗೆ ನುಡಿಸಿದರೆ ಅದು ಹುಟ್ಟುವುದಿಲ್ಲ.

ಈ ಇಕ್ಕಟ್ಟಿನಿಂದ ಒಬ್ಬ ಎಂಜಿನಿಯರು ದಾರಿ ಕಂಡುಕೊಂಡದ್ದುಂಟು. ಟಾಮ್ ಶೋಲ್ಜ್ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪೋಲರಾಯ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಹಗಲು ನೌಕರಿ, ರಾತ್ರಿ ಮನೆಯ ನೆಲಮಾಳಿಗೆಯಲ್ಲಿ ಗಿಟಾರ್ ಮುದ್ರಣ. ಸೇಬಿನ್ ದಿಂಬು ಹೊತ್ತ ಊರಿನ ನೆರೆಯ ವಾಟರ್‌ಟೌನ್‌ನಲ್ಲಿದ್ದ ಆ ನೆಲಮಾಳಿಗೆಯಲ್ಲೇ, 1976ರಲ್ಲಿ ಬಂದ 'ಬಾಸ್ಟನ್' ಎಂಬ ಧ್ವನಿಮುದ್ರಿಕೆಯ ಬಹುಪಾಲು ತಯಾರಾಯಿತು. ಅದು ಅಮೆರಿಕವೊಂದರಲ್ಲೇ ಕೋಟಿಗೂ ಮೀರಿ ಮಾರಾಟವಾಯಿತು. ಶೋಲ್ಜ್ ಆಮೇಲೆ 'ಪವರ್ ಸೋಕ್' ಎಂಬ ಸಾಧನ ಮಾಡಿ ಮಾರಿದರು. ಆಂಪ್ಲಿಫೈಯರು ಪೂರ್ತಿ ದುಡಿಯಲಿ, ಅದರ ಶಕ್ತಿಯ ಬಹುಪಾಲು ಸ್ಪೀಕರಿಗೆ ಹೋಗುವ ಮೊದಲೇ ಶಾಖವಾಗಿಬಿಡಲಿ ಎಂಬುದು ಅದರ ತತ್ತ್ವ. ದನಿ ಹುಟ್ಟಿದ ಮೇಲೆ ಹಿಡಿಯುವುದಕ್ಕಿಂತ ಹುಟ್ಟುವ ಮೊದಲೇ ತಗ್ಗಿಸುವುದು ಸುಲಭ. ಐವತ್ತು ವ್ಯಾಟಿನ ಬದಲು ಐದು ವ್ಯಾಟಿನ ಆಂಪ್ಲಿಫೈಯರು ಬಳಸಿದರೆ 10 ಡೆಸಿಬೆಲ್ ಉಳಿಯಿತು. ಅಷ್ಟನ್ನೇ ಮರದಿಂದ ಪಡೆಯಬೇಕಾದರೆ ಪೆಟ್ಟಿಗೆಯ ತೂಕ ಮೂರು ಪಟ್ಟಿಗೂ ಹೆಚ್ಚಾಗಬೇಕು.

ಈಗಂತೂ ಗಿಟಾರನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ, ಸ್ಪೀಕರಿನ ನಾದವನ್ನು ಸಾಫ್ಟ್‌ವೇರಿನಿಂದಲೇ ಪಡೆದು ಹೆಡ್‌ಫೋನಿನಲ್ಲಿ ಕೇಳಬಹುದು. ಪೆಟ್ಟಿಗೆಗೆ ಹಣ ಹಾಕುವ ಮೊದಲು ಇದನ್ನು ಪ್ರಯತ್ನಿಸುವುದು ಜಾಣತನ. ಹೆಡ್‌ಫೋನಿನ ದನಿಯೂ ಮಿತಿಯಲ್ಲಿರಬೇಕು. 85 ಡೆಸಿಬೆಲ್‌ನ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳುವ ಕಿವಿಗೆ, 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ ಎನ್ನುತ್ತದೆ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ನಮ್ಮ ಹುಡುಗ ಮಾತ್ರ ಪೆಟ್ಟಿಗೆಯನ್ನು ಬಿಡಲಿಲ್ಲ. ಮೊಟ್ಟೆಯ ಟ್ರೇಗಳು ಹಳೆ ಪೇಪರಿನವನಿಗೆ ಹೋದವು. ಹಳೆಯ ಪೆಟ್ಟಿಗೆಗೆ ಹೊರಗಿನಿಂದ ದಪ್ಪ ಹಲಗೆಯ ಎರಡು ಪದರ, ಮುಚ್ಚಳಕ್ಕೆ ರಬ್ಬರ್ ಪಟ್ಟಿ, ತಂತಿಯ ತೂತಿಗೆ ಪುಟ್ಟಿ, ಅಡಿಗೆ ರಬ್ಬರು, ಒಳಗೆ ರಾಕ್‌ವೂಲ್. ಹಲಗೆ ಹೊರಲು ಅಪ್ಪನೂ ಕೈ ಹಾಕಿದರು. "ಇಷ್ಟು ಭಾರ ಯಾಕೋ?" ಎಂದು ಕೇಳಿದ್ದಕ್ಕೆ ಹುಡುಗ ಗೇಟಿನ ಉದಾಹರಣೆ ಹೇಳಿದ. ತಂಗಿಯೂ ನಿಂತು ಕೇಳಿದಳು. ಶಬ್ದದ ಪಾಠ ಅವಳಿಗೂ ಇತ್ತಲ್ಲ.

ಆ ರಾತ್ರಿ ಮತ್ತೆ ಪರೀಕ್ಷೆ. ನಡುಮನೆಯಲ್ಲಿ ತೆಳು ತಂತಿಗಳ ದನಿ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಯಿತು. ದಪ್ಪ ತಂತಿಯ ಗುಮ್ಮು ಪೂರ್ತಿ ಹೋಗಲಿಲ್ಲ. ಗೋಡೆಗೆ ಕಿವಿಗೊಟ್ಟರೆ ಈಗಲೂ ಕೇಳುತ್ತದೆ. ಲೆಕ್ಕ ಹೇಳಿದ್ದೂ ಅದನ್ನೇ. ಉಳಿದದ್ದನ್ನು ಮನೆಯವರು ಮಾತಿನಿಂದ ತೀರಿಸಿಕೊಂಡರು. ತಂಗಿ ಟ್ಯೂಷನ್ನಿಗೆ ಹೋಗುವ ಆರರಿಂದ ಏಳೂವರೆಯವರೆಗೆ ಗಿಟಾರು, ಆಮೇಲೆ ಇಲ್ಲ. ದೇಶದ ಶಬ್ದ ಮಾಲಿನ್ಯ ನಿಯಮಗಳು 2000ದಿಂದಲೂ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬೆಲ್‌ನ ಮಿತಿ ಇಟ್ಟಿವೆ. ಪರೀಕ್ಷೆಯ ಮನೆ ಅದಕ್ಕಿಂತ ಎರಡೂವರೆ ಗಂಟೆ ಮುಂಚೆಯೇ ಬಾಗಿಲು ಹಾಕಿಕೊಂಡಿತು. ಅಮ್ಮ ಮೇಲಿನ ಮನೆಗೆ ಹೋಗಿ, "ಇನ್ನೂ ಕೇಳಿಸಿದ್ರೆ ನೆಲ ಗುದ್ದಬೇಡಿ, ಒಂದು ಫೋನ್ ಮಾಡಿ" ಎಂದು ಹೇಳಿ ಬಂದರು.

ಮೂರನೆಯ ವಾರದ ಕೊನೆಗೆ ಹುಡುಗ ಮುದ್ರಣ ಮುಗಿಸಿ ಹೆಡ್‌ಫೋನನ್ನು ಅಪ್ಪನ ಕಿವಿಗಿಟ್ಟ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇದು ನೀನು ನುಡಿಸಿದ್ದೇನೋ?"

"ಹೂಂ ಅಪ್ಪಾ."

"ಮತ್ತೆ ಇಷ್ಟು ದಿನ ಗೋಡೆಯಾಚೆಯಿಂದ ನಮಗೆ ಕೇಳಿಸ್ತಿದ್ದದ್ದು ಬರೀ ಗುಮ್ಮೇ ಅಲ್ಲವೇನೋ!"